ಕಾಮಗಾರಿ ಸ್ಥಳದ ತೇವಾಂಶ

ದಕ್ಷಿಣ ಆಫ್ರಿಕದ ಗುಡ್ಡಗಾಡಿನಲ್ಲಿರುವ ಕ್ವಾಲುಂಗ ಪುರಸಭೆಯ ವ್ಯಾಪ್ತಿಗೆ ಸೇರಿದ ಥುಲೇನಿ ಗ್ರಾಮಕ್ಕೆ ಕುಡಿಯುವ ನೀರು ಒದಗಿಸುವ ಕಾಮಗಾರಿಯು ಇದುವರೆಗೆ ಹತ್ತೊಂಬತ್ತು ಬಾರಿ ಆರಂಭವಾಗಿದೆ. ಅದು ಒಮ್ಮೆಯೂ ನಿಂತಿಲ್ಲ. ನಿಲ್ಲಬೇಕಾದರೆ ಮೊದಲು ನಡೆಯಬೇಕು. ಒಮ್ಮೆಯೂ ಮುಗಿದಿಲ್ಲವಾದ್ದರಿಂದ ಅದರಲ್ಲಿ ಲೋಪವಿದೆ ಎಂದು ಹೇಳುವ ಅವಕಾಶವೂ ಯಾರಿಗೂ ಸಿಕ್ಕಿಲ್ಲ. ಪುರಸಭೆಯ ವಾರ್ಷಿಕ ವರದಿಯಲ್ಲಿ 'ಪ್ರಗತಿಯಲ್ಲಿರುವ ಕಾಮಗಾರಿಗಳು' ಎಂಬ ಪುಟದ ಮೊದಲ ಸಾಲು ಬಹಳ ವರ್ಷಗಳಿಂದ ಥುಲೇನಿಯದೇ.

ಇಷ್ಟು ಸಲ ಆರಂಭಿಸುವ ಅಗತ್ಯವೇನಿತ್ತು ಎಂದು ತಿಳಿಯದವರು ಕೇಳಬಹುದು. ಹೊಸ ಮೇಯರ್ ಬಂದರೆ, ಹಳೆಯ ಮೇಯರ್ ಆರಂಭಿಸಿದ್ದನ್ನು ಮುಂದುವರಿಸುವುದು ಅವರ ಎಂಜಲು ಉಂಡಂತೆ. ಆದ್ದರಿಂದ ಹೊಸ ಆರಂಭ. ಮೇಯರ್ ಅವರೇ ಇದ್ದು ಗುತ್ತಿಗೆದಾರ ಬದಲಾದರೆ ಮತ್ತೊಂದು. ಇಬ್ಬರೂ ಬದಲಾಗದೆ ಯೋಜನೆಯ ಹೆಸರು 'ನೀರೇ ಜೀವ' ಎಂಬುದರಿಂದ 'ಜೀವವೇ ನೀರು' ಎಂದು ಬದಲಾದ ವರ್ಷವೂ ಒಂದು ಆರಂಭ ನಡೆಯಿತು. ಆ ವರ್ಷ ಊಟ ಚೆನ್ನಾಗಿತ್ತು.

ಆರಂಭವೆಂದರೆ ಗುದ್ದಲಿಪೂಜೆ. ಬೆಳಗ್ಗೆ ಬಿಳಿಯ ಡೇರೆ ಏಳುತ್ತದೆ. ಕುರ್ಚಿಗಳಿಗೆ ಬಿಳಿ ಬಟ್ಟೆ ತೊಡಿಸಿ ಬೆನ್ನಿಗೆ ಚಿನ್ನದ ಬಣ್ಣದ ರಿಬ್ಬನ್ ಕಟ್ಟುತ್ತಾರೆ. ಊಟಕ್ಕೆ ಒಂದು ಎತ್ತು ಬೀಳುತ್ತದೆ. ಹತ್ತು ಗಂಟೆಯ ಕಾರ್ಯಕ್ರಮ ಒಂದೂವರೆಗೆ ಸರಿಯಾಗಿ ಶುರುವಾಗುತ್ತದೆ. ಭಾಷಣ ಮಾಡುವ ಪ್ರತಿಯೊಬ್ಬರೂ ವೇದಿಕೆಯ ಮೇಲಿರುವ ಪ್ರತಿಯೊಬ್ಬರನ್ನೂ ಹೆಸರು, ಹುದ್ದೆ, ಕುಲದ ಬಿರುದುಗಳ ಸಮೇತ ಸ್ಮರಿಸಿ, ಯಾರಾದರೂ ಬಿಟ್ಟುಹೋಗಿದ್ದರೆ ಎಂಬ ಭಯಕ್ಕೆ 'ಎಲ್ಲ ಶಿಷ್ಟಾಚಾರವೂ ಪಾಲನೆಯಾಗಿದೆ' ಎಂದು ಸೇರಿಸಿ, ಸಮಯದ ಅಭಾವದಿಂದ ವಿಷಯಕ್ಕೆ ಬಾರದೆ ಕುಳಿತುಕೊಳ್ಳುತ್ತಾರೆ. ಬಂದವರಿಗೆಲ್ಲ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಕೊಡುತ್ತಾರೆ. ವಾರ್ಷಿಕ ವರದಿಯಲ್ಲಿ 'ಈ ಸಾಲಿನಲ್ಲಿ ಥುಲೇನಿಗೆ ಪೂರೈಸಲಾದ ನೀರು' ಎಂಬ ಕಾಲಮ್ಮಿನಲ್ಲಿ ತುಂಬುವುದು ಈ ಬಾಟಲಿಗಳನ್ನೇ.

ಆಮೇಲೆ ಗಣ್ಯರು ಒಬ್ಬೊಬ್ಬರಾಗಿ ಎದ್ದು, ಬೆಳ್ಳಿಯಂತೆ ಹೊಳೆಯುವ ಪುರಸಭೆಯ ಸಲಿಕೆಯಿಂದ ನೆಲ ಅಗೆಯುತ್ತಾರೆ. ಗುದ್ದಲಿಪೂಜಾ ನಿಯಮಾವಳಿಯ ಹನ್ನೊಂದನೇ ನಿಯಮದ ಪ್ರಕಾರ ಪ್ರತಿ ಗಣ್ಯರೂ ಕನಿಷ್ಠ ಮೂರು ಸಲಿಕೆ ಮಣ್ಣು ತೆಗೆಯತಕ್ಕದ್ದು. ಗರಿಷ್ಠ ಮಿತಿಯನ್ನು ನಿಗದಿಪಡಿಸಿಲ್ಲ. ಗಣ್ಯರೊಬ್ಬರು ಅಗತ್ಯಕ್ಕಿಂತ ಹೆಚ್ಚು ಕೆಲಸ ಮಾಡಬಹುದೆಂದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ. ಅಗೆಯುವ ಜಾಗ ನಕ್ಷೆಯಲ್ಲಿ ಗುರುತಾಗಿರುವುದರಿಂದ ಅದನ್ನು ಒಂದು ಗೇಣೂ ಆಚೀಚೆ ಮಾಡುವಂತಿಲ್ಲ. ತೆಗೆದ ಮಣ್ಣನ್ನು ವಾಪಸು ಹಾಕುವಂತೆಯೂ ಇಲ್ಲ, ಏಕೆಂದರೆ ಆಗಿರುವ ಪ್ರಗತಿಯನ್ನು ಅಳಿಸಿದಂತಾಗುತ್ತದೆ. ಹೀಗಾಗಿ ಶಾಲೆಯ ಬೇಲಿಯ ಪಕ್ಕದ ತಗ್ಗಿನಲ್ಲಿ ಒಂದು ಗುಂಡಿ ಇತ್ತು. ಹನ್ನೆರಡನೇ ಆರಂಭದ ಹೊತ್ತಿಗೆ ಅದು ಆಳೆತ್ತರ ದಾಟಿತ್ತು, ಮತ್ತು ಗಣ್ಯರು ಇಳಿಯಲು ಏಣಿ ಬೇಕಾಯಿತು. ಏಣಿಯ ಮೆಟ್ಟಿಲುಗಳಿಗೆ ಕೆಂಪು ರತ್ನಗಂಬಳಿ ಸುತ್ತಲಾಗಿತ್ತು.

ಆ ಗುಂಡಿಯಿಂದ ನಲವತ್ತು ಹೆಜ್ಜೆ ದೂರದಲ್ಲಿ ಮಾಂಪಿಂಗಳ ಮನೆ. ಗಂಡ ತೀರಿಕೊಂಡ ಮೇಲೆ ಅವಳು ಶಾಲೆಯ ಗೇಟಿನ ಬಳಿ ಕೂತು, ಹಿಟ್ಟು ಉಬ್ಬಿಸಿ ಎಣ್ಣೆಯಲ್ಲಿ ಕರಿದ ಗ್ವಿನ್ಯ ಮಾರಿಕೊಂಡು, ಆರು ಮೇಕೆ ಸಾಕಿಕೊಂಡು ಯಾರ ಹಂಗೂ ಇಲ್ಲದೆ ಬದುಕಿದವಳು. ಹಿಟ್ಟು ಕಲಸಲು ನೀರು ಬೇಕು. ನೀರು ಬೇಕೆಂದರೆ ಗುಡ್ಡ ಇಳಿದು ಹೊಳೆಗೆ ಹೋಗಬೇಕು, ದನಗಳು ತುಳಿದು ಕದಡಿದ್ದು ತಿಳಿಯಾಗುವವರೆಗೆ ಕಾಯಬೇಕು, ಇಪ್ಪತ್ತೈದು ಲೀಟರಿನ ಬಕೆಟ್ ತಲೆಯ ಮೇಲಿಟ್ಟು ಗುಡ್ಡ ಹತ್ತಬೇಕು. ಮೂವತ್ತೇಳು ವರ್ಷ ಹತ್ತಿದ್ದಳು. ಈಗ ಬಲಮಂಡಿ ಕೈಕೊಟ್ಟಿತ್ತು.

ಆಸ್ಪತ್ರೆಯ ನರ್ಸು ಮಂಡಿ ಒತ್ತಿ ನೋಡಿ ಹೇಳಿದ್ದಳು. "ಅಮ್ಮಾ, ಇನ್ನೊಂದ್ ವರ್ಷ ಈ ಗುಡ್ಡ ಹತ್ತಿ ಇಳಿದ್ರೆ, ಆಮೇಲೆ ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ಕೂತಲ್ಲೇ."

"ಕೂತಲ್ಲೇ ನೀರ್ ಬರುತ್ತೇನೇ?"

"ಅದನ್ನ ಮೇಯರ್ನ ಕೇಳಿ. ನಾನ್ ಮಂಡಿ ನೋಡೋಳು."

ನೀರು ಹೊರಲಾರದಿದ್ದರೆ ಗ್ವಿನ್ಯ ಇಲ್ಲ. ಗ್ವಿನ್ಯ ಇಲ್ಲದಿದ್ದರೆ ಮನೆಗೆ ಬೀಗ ಹಾಕಿ ಪಟ್ಟಣದಲ್ಲಿರುವ ತಮ್ಮನ ಮನೆಗೆ ಹೋಗಿ, ನಾದಿನಿಯ ಕೈ ನೋಡುತ್ತ ಕೂರಬೇಕು. ಆ ನಾದಿನಿ ಒಳ್ಳೆಯವಳೇ, ಆದರೆ ಒಳ್ಳೆಯತನವನ್ನು ದಿನಕ್ಕೆ ನಾಲ್ಕು ಸಲ ನೆನಪಿಸುವವಳು.

ಹನ್ನೆರಡನೇ ಆರಂಭ ಮುಗಿದ ಮೂರನೇ ದಿನ ಅವಳದೊಂದು ಮೇಕೆ ಗುಂಡಿಗೆ ಬಿತ್ತು. ಮಂಡಿಯಿಂದಾಗಿ ತಾನು ಇಳಿಯಲಾರದೆ ಪಕ್ಕದ ಮನೆಯ ಮಾಬೇಲೆಯನ್ನು ಇಳಿಸಿದಳು. ಮೇಕೆ ಮೇಲೆ ಬಂತು. ಹಿಂದೆ ಮಾಬೇಲೆ ಬಂದಳು. ಅವಳ ಪಾದದ ತುಂಬ ಕೆಸರು.

"ಏನೇ ಇದು, ಉಚ್ಚೆ ಹೊಯ್ಕೊಂಡ್ಯಾ?" ಎಂದಳು ಮಾಂಪಿಂಗ.

"ಥೂ, ನಿನ್ ಬಾಯಿಗೆ! ಕೆಳಗೆ ಮಣ್ಣೇ ಹಿಂಗಿದೆ. ಹಿಂಡಿದ್ರೆ ಬೊಗಸೆ ನೀರ್ ಬೀಳುತ್ತೆ."

ಇಬ್ಬರೂ ಗುಂಡಿಯ ಅಂಚಿನಿಂದ ಬಗ್ಗಿ ನೋಡಿದರು. ಮಳೆ ಬಂದು ಎರಡು ತಿಂಗಳಾಗಿತ್ತು. ಬಾಯಾರಿದಾಗ ಬಾವಿ ತೋಡಿದ ಹಾಗೆ ಎಂದು ಬೈಯುವುದುಂಟು. ಇಲ್ಲಿ ಹನ್ನೆರಡು ಸಲ ಬಾವಿಯನ್ನು ತೋಡಿಯೂ ಅದು ಬಾವಿಯೆಂದು ಯಾರಿಗೂ ತಿಳಿದಿರಲಿಲ್ಲ.

ಊರವರು ಬುದ್ಧಿವಂತಿಕೆಯ ಮೊದಲ ಕೆಲಸ ಮಾಡಿದರು. ಅಂದರೆ ತಾವೇ ಅಗೆಯಲು ಹೋದರು. ಐದು ಜನ ಗಂಡಸರು ಒಂದು ಮಧ್ಯಾಹ್ನ ಎರಡೂವರೆ ಚಕ್ರಗಾಡಿ ಮಣ್ಣು ತೆಗೆದರು. ಮರುದಿನವೇ ಪುರಸಭೆಯ ಪರಿವೀಕ್ಷಕರು ಅಳತೆ ಪಟ್ಟಿ ಹಿಡಿದು ಬಂದು, ದಾಖಲೆಯಲ್ಲಿರುವ ಆಳಕ್ಕಿಂತ ಗುಂಡಿ ಒಂಬತ್ತು ಅಂಗುಲ ಹೆಚ್ಚು ಪ್ರಗತಿ ಹೊಂದಿದೆಯೆಂದೂ, ಇದು ಅನಧಿಕೃತ ಪ್ರಗತಿಯೆಂದೂ ತೀರ್ಮಾನಿಸಿದರು. ತೆಗೆದಷ್ಟೇ ಮಣ್ಣನ್ನು ಅವರೆದುರಿಗೇ ವಾಪಸು ಹಾಕಿಸಲಾಯಿತು. ಆಗಿದ್ದ ಪ್ರಗತಿ ಅಧಿಕೃತವಾಗಿರಲಿಲ್ಲವಾದ್ದರಿಂದ ಅಳಿಸಲು ಅಡ್ಡಿಯಿರಲಿಲ್ಲ. ಊರ ಮುಖ್ಯಸ್ಥ ಡುಮಿಲೆ ತಾತ ಐವರಿಗೂ ಸೇರಿ ಒಂದು ಕುರಿ ದಂಡ ಹಾಕಿದ. ದಂಡದ ಕುರಿಯನ್ನು ಪರಿವೀಕ್ಷಕರೂ ಅಪರಾಧಿಗಳೂ ಕೂತು ತಿಂದರು.

ಮಾಂಪಿಂಗ ತಿನ್ನಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ಅವಳ ತಲೆ ಚೆನ್ನಾಗಿ ಓಡುತ್ತಿತ್ತು.

ಪುರಸಭೆಯ ಶಿಷ್ಟಾಚಾರ ಅಧಿಕಾರಿಯ ಹೆಸರು ಸಿದಿನಿಲೆ ಜಾಡ. ಹೊಳೆಯುವ ಸಲಿಕೆಯನ್ನು ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದು, ಗಣ್ಯರ ಪಟ್ಟಿ ತಯಾರಿಸುವುದು, ಅವರನ್ನು ಮೇಲು ಕೀಳು ತಪ್ಪದಂತೆ ಕೂರಿಸುವುದು ಅವನ ಹುದ್ದೆ. ಪ್ರಾಮಾಣಿಕ ಮನುಷ್ಯ. ನಿಯಮಾವಳಿಯನ್ನು ಅವನು ಓದುವುದು ಭಕ್ತರು ಬೈಬಲ್ ಓದುವ ಹಾಗೆ, ಅಂದರೆ ತಪ್ಪು ಹುಡುಕಲು ಅಲ್ಲ. ಥುಲೇನಿಗೆ ಬಂದಾಗಲೆಲ್ಲ ಅವನು ಮಾಂಪಿಂಗಳ ಬಳಿ ಗ್ವಿನ್ಯ ತಿನ್ನುತ್ತಿದ್ದ.

"ಜಾಡ, ಈ ಗಣ್ಯರು ಅಂದ್ರೆ ಯಾರಪ್ಪ?" ಎಂದು ಅವಳು ಕೇಳಿದಳು.

"ಪಟ್ಟೀಲಿ ಹೆಸರಿರೋರು ಅಮ್ಮ."

"ಪಟ್ಟಿ ಬರೆಯೋರು?"

"ನಾನೇ. ಊರಿಂದ ಕೋರಿಕೆ ಬಂದ್ರೆ, ಯಾವುದೇ ಸಂಘದ ಪದಾಧಿಕಾರಿಗಳನ್ನ ಸೇರಿಸ್ಬೇಕು ಅಂತ ಒಂಬತ್ತನೇ ನಿಯಮ ಇದೆ. ಆದ್ರೆ ಇಷ್ಟು ವರ್ಷದಲ್ಲಿ ಒಂದ್ ಕೋರಿಕೇನೂ ಬಂದಿಲ್ಲ. ನಮಗೆ ಇನ್ನೂ ಗಣ್ಯರು ಬೇಕು ಅಂತ ಯಾವ ಊರು ತಾನೇ ಕೇಳುತ್ತೆ?"

"ನಾವ್ ಕೇಳ್ತೀವಿ. ಇನ್ನೊಂದ್ ಗ್ವಿನ್ಯ ತಗೋ."

ಥುಲೇನಿಯಲ್ಲಿ ಎಲ್ಲ ಹಳ್ಳಿಗಳಲ್ಲಿರುವಂತೆ ಒಂದು ಶವಸಂಸ್ಕಾರ ಸಂಘವಿದೆ. ಸತ್ತವರ ಮನೆಗೆ ಪಾತ್ರೆ, ಡೇರೆ ಒದಗಿಸುವುದು ಹೆಂಗಸರ ಕೆಲಸ. ಗುಂಡಿ ತೋಡುವುದು ಗಂಡಸರ ಕೆಲಸ. ಹದಿನಾಲ್ಕು ಜನ ತೋಡುಗರು. ಕಲ್ಲುನೆಲದಲ್ಲಿ ಆರಡಿ ಎಂದರೆ ಅವರಿಗೆ ಬೆಳಗಿನ ತಿಂಡಿಗೆ ಮುಂಚಿನ ಕೆಲಸ. ಮುಂದಿನ ಭಾನುವಾರ ಸಂಘದ ಸಭೆ ಸೇರಿತು. ಹದಿನಾಲ್ಕು ಜನರನ್ನೂ ಅವಿರೋಧವಾಗಿ ಉಪಾಧ್ಯಕ್ಷರನ್ನಾಗಿ ಆರಿಸಲಾಯಿತು. ಹದಿಮೂರನೇ ಆರಂಭದಲ್ಲಿ ಅವರೆಲ್ಲ ಮದುವೆಯ ಕೋಟು ತೊಟ್ಟು, ರಿಬ್ಬನ್ ಕಟ್ಟಿದ ಕುರ್ಚಿಗಳ ಮೇಲೆ ಕೈಕಟ್ಟಿ ಕೂತಿದ್ದರು. ಒಬ್ಬೊಬ್ಬನ ಅಂಗೈಯೂ ರೊಟ್ಟಿ ಹೆಂಚಿನಷ್ಟಿತ್ತು.

ಆದರೆ ಯೋಜನೆ ಒಂದೇ ದಿನದಲ್ಲಿ ಕೈಗೂಡಲಿಲ್ಲ. ಮೊದಲನೆಯ ಉಪಾಧ್ಯಕ್ಷ ಗುಂಡಿಗಿಳಿದು ನಾಲ್ಕನೇ ಸಲಿಕೆ ಎತ್ತಿದೊಡನೆ ಜಾಡ ಅಂಚಿನಿಂದ ಕೂಗಿದ.

"ನಿಲ್ಸಿ, ನಿಲ್ಸಿ! ಮೇಯರ್ ಮೂರೇ ತೆಗ್ದಿದ್ದು. ಕೆಳಗಿನ ಸ್ಥಾನದೋರು ಮೇಲಿನ ಸ್ಥಾನದೋರಿಗಿಂತ ಹೆಚ್ಚು ತೆಗೆಯೋ ಹಾಗಿಲ್ಲ. ಹದಿನೈದನೇ ನಿಯಮ."

ಉಪಾಧ್ಯಕ್ಷ ನಾಲ್ಕನೆಯದನ್ನು ವಾಪಸು ಸುರಿದ. ಮಾಂಪಿಂಗಳಿಗೆ ಆಗ ವಿಷಯ ಪೂರ್ತಿ ಅರ್ಥವಾಯಿತು. ತೋಡುಗರನ್ನು ಹೆಚ್ಚಿಸಿ ಪ್ರಯೋಜನವಿಲ್ಲ. ಮೇಯರ್ ಒಂದು ಸಲಿಕೆ ಹೆಚ್ಚು ಅಗೆದರೆ ಹಿಂದಿರುವ ಮೂವತ್ತೆರಡು ಗಣ್ಯರೂ ಒಂದೊಂದು ಹೆಚ್ಚು ಅಗೆಯಬಹುದು. ಅಗೆಸಬೇಕಾದದ್ದು ಮೇಯರನ್ನು.

ಮೇಯರ್ ನೊಮಾಲಂಗ ಫಿಕೋಲೊ ಅವರು ದಪ್ಪ ಹೆಂಗಸು. ಎತ್ತರ ಹಿಮ್ಮಡಿಯ ಚಪ್ಪಲಿ, ದೊಡ್ಡ ಟೋಪಿ. ಅವರ ಪಕ್ಕದ ಕುರ್ಚಿ ಪುರಸಭೆಯ ಸಭಾಧ್ಯಕ್ಷರಾದ ಲುಟೊ ಶ್ವೇನಿಯವರದು. ಒಂದು ಕಾಲದಲ್ಲಿ ರಗ್ಬಿ ಆಡಿದ ಶರೀರ, ಮೇಯರ್ ಕುರ್ಚಿಯ ಮೇಲೆ ಬಹಳ ವರ್ಷಗಳ ಕಣ್ಣು. ಸ್ಥಾನದಲ್ಲಿ ಕೆಳಗಿರುವುದರಿಂದ ಅವರೂ ಮೂರು ಸಲಿಕೆಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಆದರೆ ಆ ಮೂರನ್ನು ಅವರು ಒಂದೇ ಉಸಿರಿಗೆ ತೆಗೆದು, ಸಲಿಕೆಯನ್ನು ಗಾಳಿಯಲ್ಲಿ ತಿರುಗಿಸಿ ಹಿಡಿದು, ಜನರ ಕಡೆ ನೋಡಿ ನಗುತ್ತಿದ್ದರು.

ಹದಿನಾಲ್ಕನೇ ಆರಂಭದಲ್ಲಿ ಅವರು ಹಾಗೆ ನಕ್ಕಾಗ ಮಾಂಪಿಂಗ ಮುಂದಿನ ಸಾಲಿನಿಂದ ಗಟ್ಟಿಯಾಗಿ ಹೇಳಿದಳು. "ಪಾಪ, ಆ ಗಂಡಸಿಗೆ ಇನ್ನೂ ಅಗೆಯೋ ಆಸೆ ಇದೆ. ಏನ್ ಮಾಡೋದು, ಮುಂದಿರೋರಿಗೇ ದಮ್ಮಿಲ್ಲ."

ಮೇಯರ್ ತಿರುಗಿ ನೋಡಿದರು. "ಯಾರಮ್ಮ ಅದು ದಮ್ಮಿಲ್ಲ ಅಂದಿದ್ದು?"

"ನಾನೇ ಮೇಯರಮ್ಮ. ನಿಮ್ಗಲ್ಲ ಹೇಳಿದ್ದು, ನಿಮ್ಮ ಚಪ್ಪಲಿಗೆ."

ಡೇರೆ ತುಂಬ ನಗು. ಮೇಯರ್ ಕುರ್ಚಿಯಿಂದ ಎದ್ದರು. ಆಮೇಲೆ ಚಪ್ಪಲಿ ಬಿಚ್ಚಿ ಜಾಡನ ಕೈಗೆ ಕೊಟ್ಟರು, ಟೋಪಿ ಗಣ್ಯರ ಸಾಲಿನಲ್ಲಿದ್ದ ಬಿಷಪ್ಪರ ಕೈಗೆ ಕೊಟ್ಟರು, ಮತ್ತೆ ಏಣಿ ಇಳಿದು ಇನ್ನೂ ಐದು ಸಲಿಕೆ ತೆಗೆದರು. ಹೆಂಗಸರು ನಾಲಿಗೆ ಮಿಡಿಸಿ ಜಯಕಾರ ಹಾಕಿದರು. ಶ್ವೇನಿಯವರು ಮತ್ತೆ ಇಳಿದು ಐದು ತೆಗೆದರು. ಬಿಷಪ್ ಐದು, ವಾರ್ಡಿನ ಸದಸ್ಯರು ಐದು, ಹದಿನಾಲ್ಕು ಉಪಾಧ್ಯಕ್ಷರು ಐದೈದು. ಉಪಾಧ್ಯಕ್ಷರ ಒಂದು ಸಲಿಕೆಯೆಂದರೆ ಬಿಷಪ್ಪರ ನಾಲ್ಕಕ್ಕೆ ಸಮ. ಸಲಿಕೆಯ ಗಾತ್ರದ ಬಗ್ಗೆ ನಿಯಮಾವಳಿ ಮೌನವಾಗಿತ್ತು.

ಅದೇ ವರ್ಷ ಚುನಾವಣೆ ಬಂತು. ಚುನಾವಣೆಯ ವರ್ಷದಲ್ಲಿ ಆರಂಭಗಳಿಗೆ ಬರವಿಲ್ಲ. ಹದಿನೈದನೆಯದು ಪ್ರಚಾರದ ಆರಂಭಕ್ಕೆ ನಡೆಯಿತು, ಹದಿನಾರನೆಯದು ಹದಿನೈದನೆಯದರ ಫೋಟೋದಲ್ಲಿ ಮೇಯರ್ ಕಣ್ಣು ಮುಚ್ಚಿದ್ದರೆಂಬ ಕಾರಣಕ್ಕೆ. 'ಹನ್ನೆರಡು ಸಲಿಕೆಯ ಮೇಯರ್' ಎಂಬ ಬರಹವಿದ್ದ ಹಳದಿ ಅಂಗಿಗಳು ಊರ ತುಂಬ ಕಾಣಿಸಿದವು. ಮುಂದಿನ ವಾರ ಆ ಅಂಗಿಗಳ ಮೇಲಿನ ಹನ್ನೆರಡನ್ನು ಹೊಡೆದು ಹದಿನೆಂಟು ಎಂದು ಬರೆಯಲಾಯಿತು. ಪ್ರಚಾರ ಭಾಷಣಗಳಲ್ಲಿ ರಸ್ತೆ, ಶಾಲೆ, ವಿದ್ಯುತ್ತಿನ ಪ್ರಸ್ತಾಪವೇ ನಿಂತುಹೋಗಿ, ಯಾರು ಎಷ್ಟು ಅಗೆದರು ಎಂಬುದೊಂದೇ ಉಳಿಯಿತು. ಮತದಾರರಿಗೂ ಇದರಿಂದ ಅನುಕೂಲವಾಯಿತು. ಅಭ್ಯರ್ಥಿಗಳು ದುಡಿಯುವುದನ್ನು ಕಣ್ಣಾರೆ ನೋಡುವ ಅವಕಾಶ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮಾಂಪಿಂಗ ಪ್ರತಿ ಸಲವೂ ಮುಂದಿನ ಸಾಲಿನಲ್ಲಿ ಕೂತು ತನ್ನ ಕೆಲಸ ಮಾಡುತ್ತಿದ್ದಳು. "ಅಯ್ಯೋ ಮೇಯರಮ್ಮ, ಸಾಕು ಬಿಡಿ, ವಯಸ್ಸಾಯ್ತು ನಿಮ್ಗೆ" ಎಂದರೆ ಎರಡು ಸಲಿಕೆ. "ಶ್ವೇನಿಯೋರು ಆಗ್ಲೇ ಹುದ್ದೆಗೆ ಸೂಟ್ ಹೊಲ್ಸಿದಾರಂತೆ" ಎಂದರೆ ಆರು. ಆದರೆ ಸಂಜೆ ಮನೆಗೆ ಬಂದು ಮಂಡಿಗೆ ಬಿಸಿ ಬಟ್ಟೆ ಕಟ್ಟಿಕೊಳ್ಳುವಾಗ ಅವಳಿಗೆ ನಗು ಬರುತ್ತಿರಲಿಲ್ಲ. ಈಗ ಅವಳು ಅರ್ಧ ಬಕೆಟ್ ಮಾತ್ರ ಹೊರುತ್ತಿದ್ದಳು, ದಾರಿಯಲ್ಲಿ ಮೂರು ಕಡೆ ಕೂರುತ್ತಿದ್ದಳು. ತಮ್ಮ ಫೋನ್ ಮಾಡಿ, ಮಂಚ ತಂದಿದ್ದೇವೆ ಅಕ್ಕ, ಯಾವಾಗ ಬರ್ತೀಯ ಎಂದು ಕೇಳಿದ್ದ. ಹಿಂದಿನಿಂದ ನಾದಿನಿ, ಮಂಚ ಹೊಸದು ಅಂತ ಹೇಳಿ ಎಂದದ್ದು ಕೇಳಿಸಿತ್ತು.

ಹತ್ತೊಂಬತ್ತನೇ ಆರಂಭ ಮತದಾನಕ್ಕೆ ಒಂದು ವಾರ ಮುಂಚೆ ನಡೆಯಿತು. ಮೇಯರ್ ಇಪ್ಪತ್ತೇಳು ಸಲಿಕೆ ತೆಗೆದರು. ಕಾಲಿಗೆ ಕೆಸರು, ಹಣೆಯಿಂದಿಳಿವ ಬೆವರು, ಟೋಪಿಯಿಲ್ಲದ ಕೂದಲು. ಮೇಲೆ ಬಂದು ಮಾಂಪಿಂಗಳ ಪಕ್ಕದಲ್ಲೇ ನೆಲದ ಮೇಲೆ ಕುಸಿದು ಕೂತು, "ನಿನ್ ನಾಲಿಗೆಗೆ ಹುಳ ಬೀಳ. ಚಿಕ್ಕೋಳಾಗಿದ್ದಾಗ ನಮ್ಮಮ್ಮಾನೂ ನನ್ ಹತ್ರ ಇಷ್ಟು ದುಡಿಸ್ಕೊಂಡಿಲ್ಲ" ಎಂದರು.

"ನಿಮ್ಮಮ್ಮಂಗೆ ಓಟಿರಲಿಲ್ವಲ್ಲ" ಎಂದಳು ಮಾಂಪಿಂಗ.

ಒಂಬತ್ತನೇ ಉಪಾಧ್ಯಕ್ಷನ ಹತ್ತನೇ ಸಲಿಕೆಗೆ ಗುಂಡಿಯೊಳಗಿಂದ ಒಂದು ಶಬ್ದ ಬಂತು. ಆಮೇಲೆ ಅವನ ಕೂಗು. ಆಮೇಲೆ ಅವನೇ ಏಣಿ ಹತ್ತಿ ಬಂದ, ಮದುವೆಯ ಪ್ಯಾಂಟು ಮಂಡಿಯವರೆಗೆ ಒದ್ದೆಯಾಗಿತ್ತು. ಮಾಬೇಲೆ ಓಡಿಹೋಗಿ ಹಗ್ಗಕ್ಕೆ ತಂಬಿಗೆ ಕಟ್ಟಿ ಇಳಿಸಿದಳು. ಮೇಲೆ ಬಂದದ್ದು ಮೊದಲು ರಾಡಿ, ಎರಡನೆಯ ಸಲ ಕೆಂಪು, ನಾಲ್ಕನೆಯ ಸಲ ತಿಳಿ. ಮಾಂಪಿಂಗ ಒಂದು ಗುಟುಕು ಕುಡಿದಳು. ಅವಳಿಗೆ ಅಳು ಬಂತು. ಇಷ್ಟು ಜನರ ಮುಂದೆ ಅತ್ತದ್ದು ಗಂಡನ ಮಣ್ಣಾದ ಮೇಲೆ ಅದೇ ಮೊದಲು, ಅವಳಿಗೆ ನಾಚಿಕೆಯೇನೂ ಆಗಲಿಲ್ಲ.

ಹನ್ನೊಂದು ದಿನ ಥುಲೇನಿಯಲ್ಲಿ ಯಾರೂ ಹೊಳೆಗೆ ಹೋಗಲಿಲ್ಲ. ಮಾಂಪಿಂಗ ದಿನಕ್ಕೆ ಎರಡು ಸಲ ನಲವತ್ತು ಹೆಜ್ಜೆ ನಡೆದು, ನಲವತ್ತು ಹೆಜ್ಜೆ ವಾಪಸು ಬಂದಳು. ಮಂಡಿಯ ಊತ ಇಳಿಯಿತು. ಮೇಯರ್ ಭಾರಿ ಬಹುಮತದಿಂದ ಗೆದ್ದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಗೆದ್ದ ಮೂರನೇ ದಿನ ಪುರಸಭೆಯ ತುರ್ತು ಸಭೆ ಸೇರಿತು. ನೀರು ಬಂದಿದೆ ಎಂದು ಒಪ್ಪಿಕೊಂಡರೆ ಕಾಮಗಾರಿ ಮುಗಿದಿದೆ ಎಂದಾಗುತ್ತದೆ. ಮುಗಿದರೆ ಕಡತ ಮುಚ್ಚಬೇಕು. ಎರಡನೇ ಹಂತದ ಸರ್ವೆ, ಮೂರನೇ ಹಂತದ ಮರುಸರ್ವೆ, ನಾಲ್ಕನೇ ಹಂತದ ಪೈಪು, ಐದನೇ ಹಂತದ ಟ್ಯಾಂಕು, ಇವುಗಳನ್ನು ಈಗಾಗಲೇ ಹಂಚಿಕೊಂಡಿದ್ದ ಗುತ್ತಿಗೆದಾರರು ಗ್ಯಾಲರಿಯಲ್ಲಿ ಕೂತು ಬಹಳ ದುಃಖದಿಂದ ಕೇಳಿಸಿಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಇನ್ನು ಮುಂದೆ ಥುಲೇನಿಯಲ್ಲಿ ಆರಂಭಿಸಲು ಏನೂ ಇರುವುದಿಲ್ಲ. ಮೇಯರ್ ಅವರೂ ಶ್ವೇನಿಯವರೂ ಮೊದಲ ಬಾರಿಗೆ ಒಂದೇ ಕಡೆ ಕೈಯೆತ್ತಿದರು. ಮರುದಿನ ಶಾಲೆಯ ಬೇಲಿಗೆ ಒಂದು ಪ್ರಕಟಣೆ ಅಂಟಿತು.

'ಸಾರ್ವಜನಿಕರ ಗಮನಕ್ಕೆ. ಥುಲೇನಿ ನೀರು ಕಾಮಗಾರಿಯ ಆರಂಭ ಸ್ಥಳದಲ್ಲಿ ಅನಧಿಕೃತವಾಗಿ ನೀರು ಕಾಣಿಸಿಕೊಂಡಿರುವುದು ಪುರಸಭೆಯ ಗಮನಕ್ಕೆ ಬಂದಿರುತ್ತದೆ. ಸದರಿ ನೀರಿಗೂ ಪುರಸಭೆಗೂ ಯಾವುದೇ ಸಂಬಂಧವಿರುವುದಿಲ್ಲ. ವೇಳಾಪಟ್ಟಿಯ ಪ್ರಕಾರ ನೀರು ಏಳನೇ ಹಂತದಲ್ಲಿ ಬರತಕ್ಕದ್ದಾಗಿದ್ದು, ಕಾಮಗಾರಿಯು ಪ್ರಸ್ತುತ ಮೊದಲನೇ ಹಂತದಲ್ಲಿರುತ್ತದೆ. ಹಂತ ಮೀರಿ ಬಂದ ನೀರನ್ನು ಕುಡಿಯುವುದು, ಹೊತ್ತೊಯ್ಯುವುದು, ಅದರಲ್ಲಿ ಮುಖ ನೋಡಿಕೊಳ್ಳುವುದು ನಿಷಿದ್ಧ. ಸ್ಥಳವನ್ನು ಬರುವ ಗುರುವಾರ ಮಣ್ಣು ತುಂಬಿ ಮುಚ್ಚಲಾಗುವುದು. ಸಹಕರಿಸಿದ್ದಕ್ಕೆ ಮುಂಗಡ ಧನ್ಯವಾದಗಳು.'

ಗುರುವಾರ ಮಣ್ಣಿನ ಲಾರಿ ಬಂತು. ಹಿಂದೆಯೇ ಪುರಸಭೆಯ ಜೀಪಿನಲ್ಲಿ ಜಾಡ ಬಂದ. ಗುಂಡಿಗೂ ಲಾರಿಗೂ ನಡುವೆ ಮಾಂಪಿಂಗ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಹಿಂದೆ ಊರೇ ನಿಂತಿತ್ತು.

"ಏಳಮ್ಮ" ಎಂದ ಚಾಲಕ. "ನಂಗೆ ಇನ್ನೆರಡ್ ಟ್ರಿಪ್ ಇದೆ."

"ನನ್ನೂ ಸೇರ್ಸಿ ಮುಚ್ಚಪ್ಪ. ನನ್ ಮಂಡಿಗೆ ಆ ಗುಡ್ಡ ಆಗಲ್ಲ. ಹೆಂಗೂ ಉಪಾಧ್ಯಕ್ಷರು ಇಲ್ಲೇ ಇದಾರೆ, ಶಾಸ್ತ್ರಕ್ಕೆ ತೊಂದ್ರೆ ಇಲ್ಲ."

ಜಾಡ ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವನ ಮುಖ ಬಾಡಿತ್ತು. "ಅಮ್ಮ, ನನ್ ಕೈಲಿ ಏನೂ ಇಲ್ಲ. ಆದೇಶ ಆಗಿದೆ."

"ನಿನ್ನ ಬೈತಾ ಇಲ್ಲ ಮಗ. ಸಲಿಕೆ ಎಲ್ಲಿ?"

"ಯಾವ್ ಸಲಿಕೆ?"

"ಮಖಮಲ್ ಪೆಟ್ಟಿಗೇದು. ಡೇರೆ ಎಲ್ಲಿ? ಬಿಷಪ್ ಎಲ್ಲಿ? ಇಷ್ಟು ದೊಡ್ ಗುಂಡಿ ಮುಚ್ಚೋದು ಕಾಮಗಾರಿ ಅಲ್ವಾ?"

"ಕಾಮಗಾರೀನೇ."

"ಗ್ವಿನ್ಯ ಕರಿಯೋ ನಂಗೇ ಗೊತ್ತು, ಪುರಸಭೇಲಿ ಗುದ್ದಲಿಪೂಜೆ ಇಲ್ದೆ ಒಂದ್ ಕಾಮಗಾರಿ ನಡೆಯಲ್ಲ ಅಂತ. ಹಂಗೇ ಕದ್ದುಮುಚ್ಚಿ ಸುರಿಯೋಕೆ ಇದೇನ್ ಕಸಾನಾ? ಎಲ್ಲಪ್ಪ ನಿನ್ ಶಿಷ್ಟಾಚಾರ?"

ಜಾಡ ಜೇಬಿನಿಂದ ನಿಯಮಾವಳಿ ತೆಗೆದು, ಒಂದನೇ ನಿಯಮವನ್ನು ಓದಿದ, ಮತ್ತೆ ಓದಿದ. 'ಎಲ್ಲ ಕಾಮಗಾರಿಗಳೂ' ಎಂದಿತ್ತು. ಮುಚ್ಚುವ ಕಾಮಗಾರಿಗಳನ್ನು ಹೊರತುಪಡಿಸಿ ಎಂದು ಎಲ್ಲೂ ಇರಲಿಲ್ಲ. ಹದಿನಾರು ವರ್ಷದ ಸೇವೆಯಲ್ಲಿ ತನ್ನಿಂದ ಇಂಥ ಅಪಚಾರವಾಗಲು ಒಂದು ಲಾರಿಯ ದೂರವಷ್ಟೇ ಇತ್ತೆಂದು ಅವನಿಗೆ ತಿಳಿಯಿತು. ಎದ್ದು ನಿಂತು ಚಾಲಕನಿಗೆ ಹೇಳಿದ. "ಗಾಡಿ ತಿರುಗ್ಸು. ಇದು ಇನ್ನೂ ಆರಂಭ ಆಗಿಲ್ಲ."

ಚಾಲಕ ಮಣ್ಣನ್ನು ರಸ್ತೆಯ ಪಕ್ಕಕ್ಕೆ ಸುರಿದು ಹೋದ. ಈಗ ಅದರ ಮೇಲೆ ಮೇಕೆಗಳು ಹತ್ತುತ್ತವೆ.

ಮೂರು ವಾರದ ಮೇಲೆ 'ಥುಲೇನಿ ಗುಂಡಿ ಮುಚ್ಚುವ ಯೋಜನೆ'ಯ ಗುದ್ದಲಿಪೂಜೆ ವಿಧಿವತ್ತಾಗಿ ನಡೆಯಿತು. ಬಿಳಿ ಡೇರೆ, ರಿಬ್ಬನ್, ಎತ್ತು, ಬಾಟಲಿ ನೀರು. ಕಾಮಗಾರಿಯ ಸ್ಥಳ ನಕ್ಷೆಯ ಪ್ರಕಾರ ಅದೇ ಗುಂಡಿ. ಗುದ್ದಲಿಪೂಜೆಯಲ್ಲಿ ಮಣ್ಣು ತೆಗೆಯಬೇಕೇ ಹೊರತು ಹಾಕಲು ನಿಯಮದಲ್ಲಿ ಅವಕಾಶವಿಲ್ಲವಾದ್ದರಿಂದ ಮೇಯರ್ ಮೊದಲ್ಗೊಂಡು ಎಲ್ಲ ಗಣ್ಯರೂ ಮಂಡಿಯುದ್ದ ನೀರಿನಲ್ಲಿ ನಿಂತು ಇಪ್ಪತ್ತೆಂಟು ಸಲಿಕೆ ತೆಗೆದರು. ಮುಚ್ಚುವ ಯೋಜನೆಯ ಮೊದಲ ದಿನವೇ ಗುಂಡಿ ಇನ್ನೂ ಮೂರು ಅಡಿ ಆಳವಾಯಿತು. ನೀರು ಹೆಚ್ಚಿತು, ರುಚಿಯೂ ಸುಧಾರಿಸಿತು. ಆಮೇಲೆ ಮುಚ್ಚುವ ಕೆಲಸ ಮುಂದುವರಿಯಬೇಕಿತ್ತು. ಆದರೆ ಕ್ವಾಲುಂಗ ಪುರಸಭೆಯ ಇತಿಹಾಸದಲ್ಲಿ ಆರಂಭವಾದ ಯಾವ ಕಾಮಗಾರಿಯೂ ಮುಂದುವರಿದ ಉದಾಹರಣೆಯಿಲ್ಲ, ಮತ್ತು ಇದೊಂದಕ್ಕೆ ವಿನಾಯಿತಿ ಕೊಡಲು ಯಾರಿಗೂ ಕಾರಣ ಕಾಣಲಿಲ್ಲ.

ಉಳಿದದ್ದು ಒಂದೇ ತೊಡಕು. ಗಣ್ಯರ ಪ್ಯಾಂಟು ಒದ್ದೆಯಾಗುವುದು. ಆದ್ದರಿಂದ, ಮುಚ್ಚುವ ಯೋಜನೆಯ ಮುಂದಿನ ಆರಂಭಗಳಿಗೆ ಸ್ಥಳ ಒಣಗಿರಬೇಕೆಂದೂ, ಅಲ್ಲಿನ ತೇವಾಂಶವನ್ನು ಗ್ರಾಮಸ್ಥರು ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ ಬಕೆಟ್ಟುಗಳ ಮೂಲಕ ತೆರವುಗೊಳಿಸತಕ್ಕದ್ದೆಂದೂ ಪುರಸಭೆ ಆದೇಶ ಹೊರಡಿಸಿತು. ತೆರವುಗೊಳಿಸಿದ ತೇವಾಂಶವನ್ನು ತಮ್ಮ ತಮ್ಮ ಮನೆಗಳಲ್ಲಿ ವಿಲೇವಾರಿ ಮಾಡುವುದು ಗ್ರಾಮಸ್ಥರ ಜವಾಬ್ದಾರಿ. ಮಾಂಪಿಂಗಳನ್ನು ತೇವಾಂಶ ನಿವಾರಣಾ ಮೇಲ್ವಿಚಾರಕಿಯಾಗಿ ನೇಮಿಸಲಾಯಿತು. ಅಸಡ್ಡೆ ತೋರಿದವರಿಗೆ ದಂಡವಿದೆ, ಆದರೆ ಇದುವರೆಗೆ ಯಾರೂ ಅಸಡ್ಡೆ ತೋರಿಲ್ಲ. ಗುಡ್ಡದಾಚೆಯ ಹಳ್ಳಿಯವರು ತಮಗೂ ಒಂದು ಮುಚ್ಚುವ ಯೋಜನೆ ಮಂಜೂರು ಮಾಡಬೇಕೆಂದು ಅರ್ಜಿ ಹಾಕಿದ್ದಾರೆ. ತಮ್ಮನ ಮನೆಯ ಹೊಸ ಮಂಚದ ಮೇಲೆ ಈಗ ಅವನ ಅತ್ತೆ ಮಲಗುತ್ತಾರೆ.

ಕಳೆದ ತಿಂಗಳು ಜನಗಣತಿಯವನು ಬಂದ. ಬಿಸಿಲಲ್ಲಿ ನಡೆದು ಸುಸ್ತಾಗಿದ್ದ. ಮಾಂಪಿಂಗ ಕುರ್ಚಿ ಹಾಕಿ, ಬಿಸಿ ಗ್ವಿನ್ಯ ಕೊಟ್ಟು, ದೊಡ್ಡ ಲೋಟದಲ್ಲಿ ತಣ್ಣಗಿನ ನೀರು ಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದ, ಆಮೇಲೆ ಮತ್ತೊಂದು.

"ಊರಲ್ಲಿ ನೀರಿನ ಸೌಲಭ್ಯ ಇದೆಯಾ ಅಮ್ಮ?" ಎಂದ, ಬಾಯಿ ಒರೆಸಿಕೊಳ್ಳುತ್ತ.

"ಇಲ್ಲ."

ಅವನು ಖಾಲಿ ಲೋಟವನ್ನು ಕೆಳಗಿಟ್ಟು, ಬಾಗಿಲಾಚೆ ಬಕೆಟ್ ಹೊತ್ತು ಸಾಲಾಗಿ ಹೋಗುತ್ತಿದ್ದ ಹೆಂಗಸರನ್ನು ನೋಡಿದ, ಅವಳ ಮುಖ ನೋಡಿದ, ತಲೆಯಾಡಿಸಿ ಹಾಳೆಯ ಮೇಲೆ 'ಇಲ್ಲ' ಎಂದು ಬರೆದ.

ಮಾಂಪಿಂಗ ಬಗ್ಗಿ ನೋಡಿದಳು.

"ಪೆನ್ಸಿಲ್ಲಲ್ಲಿ ಬೇಡಪ್ಪ" ಎಂದಳು. "ಶಾಯೀಲಿ ಬರಿ."